ಬೆಳೆಯದ ಹೊಲಕ್ಕೆ ಬಂದ ಹಣ

1811ರ ಡಿಸೆಂಬರಿನಿಂದ ಮರುವರ್ಷದ ಫೆಬ್ರವರಿಯವರೆಗೆ ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯ ನೆಲ ಮತ್ತೆ ಮತ್ತೆ ನಡುಗಿತು. ನ್ಯೂ ಮ್ಯಾಡ್ರಿಡ್ ಭೂಕಂಪಗಳೆಂದು ಇತಿಹಾಸದಲ್ಲಿ ಹೆಸರಾದ ಆ ಕಂಪನಗಳಿಗೆ ಸೇಂಟ್ ಫ್ರಾನ್ಸಿಸ್ ನದಿಯ ಬಯಲು ಅಲ್ಲಲ್ಲಿ ಕುಸಿಯಿತು. ಕುಸಿದಲ್ಲಿ ನೀರು ನಿಂತು ನಾಡೆಲ್ಲ ಜೌಗಾಯಿತು. ಬಹುಕಾಲ ಆ ಕಡೆ ಬೇಸಾಯದ ಆಸೆಯಿಂದ ಕಣ್ಣು ಹಾಯಿಸಿದವರು ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಬಂತು, ರೈಲಿನ ಹಿಂದೆಯೇ ಮರದ ಕಂಪನಿಗಳು ಬಂದವು. ಕಾಡು ಕಡಿದು ಮುಗಿದ ಮೇಲೆ ಕಾಲುವೆ ತೋಡಿ ನೀರು ಬಸಿದರು. ಬಸಿದ ನೆಲ ಹತ್ತಿಗೆ ಹೇಳಿ ಮಾಡಿಸಿದಂತಿತ್ತು. ಆರ್ಕಾನ್ಸಾ ರಾಜ್ಯದ ಈಶಾನ್ಯ ಮೂಲೆಯ ಪಾಯಿನ್‌ಸೆಟ್ ಕೌಂಟಿಯ ಪೂರ್ವ ಭಾಗ ಹತ್ತಿಯ ಸೀಮೆಯಾದದ್ದು ಹೀಗೆ. ಹ್ಯಾರಿಸ್‌ಬರ್ಗ್ ಅದರ ಆಡಳಿತ ಕೇಂದ್ರ. ಮಾರ್ಕ್ಡ್ ಟ್ರೀ, ಲೆಪ್ಯಾಂಟೊ, ಟೈರೋನ್ಜಾ ಎಂಬ ಸಣ್ಣ ಊರುಗಳು ಅದರ ಸಂತೆ, ಅದರ ಜಿನ್ನು, ಅದರ ರೈಲು ನಿಲ್ದಾಣ.

ಆ ನೆಲದ ಒಡೆತನ ಕೆಲವೇ ಕೈಗಳಲ್ಲಿತ್ತು. ಸಾವಿರಾರು ಎಕರೆಯ ಪ್ಲಾಂಟೇಷನ್ನುಗಳನ್ನು ಪಾಲುಗಾರ ಕುಟುಂಬಗಳಿಗೆ ತುಂಡು ತುಂಡಾಗಿ ಹಂಚಿ ಬೇಸಾಯ ಮಾಡಿಸುತ್ತಿದ್ದರು. ನಮ್ಮಲ್ಲಿ ಕೋರಿಗೆ ಮಾಡುವುದು, ಪಾಲಿಗೆ ಮಾಡುವುದು ಅನ್ನುತ್ತೇವಲ್ಲ, ಅದೇ ಏರ್ಪಾಡು. ಭೂಮಿ, ಹೇಸರಗತ್ತೆ, ನೇಗಿಲು, ಬೀಜ, ಎರಡು ಕೋಣೆಯ ಹಲಗೆ ಮನೆ ಧಣಿಯವು. ದುಡಿಮೆ ಪಾಲುಗಾರನದು, ಅವನ ಹೆಂಡತಿಯದು, ಮಕ್ಕಳದು. ಬೆಳೆ ಬಂದಾಗ ಅರ್ಧ ಅರ್ಧ. ಆದರೆ ಮಾರ್ಚಿನಿಂದ ಸುಗ್ಗಿಯವರೆಗೆ ಊಟಕ್ಕೆ ಬೇಕಾದ ಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಕಾಕಂಬಿ ಎಲ್ಲವನ್ನೂ ಧಣಿಯ ಅಂಗಡಿಯಿಂದಲೇ ಸಾಲವಾಗಿ ತರಬೇಕು. ಬೆಲೆ ಅಂಗಡಿಯದು, ಬಡ್ಡಿ ಅಂಗಡಿಯದು, ಲೆಕ್ಕದ ಪುಸ್ತಕವೂ ಅಂಗಡಿಯದೇ. ಡಿಸೆಂಬರಿನಲ್ಲಿ ಪುಸ್ತಕ ತೆರೆದಾಗ ಪಾಲುಗಾರನ ಅರ್ಧ ಪಾಲು ಸಾಲಕ್ಕೆ ಮುರಿದುಹೋಗುತ್ತಿತ್ತು, ಎಷ್ಟೋ ವರ್ಷ ಮೇಲೆ ಬಾಕಿಯೂ ಉಳಿಯುತ್ತಿತ್ತು. ಬಿಳಿಯರು, ಕಪ್ಪು ಜನ ಇಬ್ಬರೂ ಈ ಪುಸ್ತಕಕ್ಕೆ ಸಿಕ್ಕವರೇ. ಕಪ್ಪು ಜನರಿಗೆ ಅದರ ಮೇಲೆ ಮತ್ತೊಂದು ಭಯವಿತ್ತು. 1919ರಲ್ಲಿ ಅದೇ ರಾಜ್ಯದ ಎಲೇನ್ ಎಂಬಲ್ಲಿ, ಹತ್ತಿಗೆ ನ್ಯಾಯವಾದ ಬೆಲೆ ಬೇಕೆಂದು ಸಂಘ ಕಟ್ಟಲು ಹೊರಟ ಕಪ್ಪು ಪಾಲುಗಾರರನ್ನು ಬೇಟೆಯಾಡಿ ಕೊಂದಿದ್ದರು. ಆ ನೆನಪು ಯಾರ ಮನಸ್ಸಿನಿಂದಲೂ ಮಾಸಿರಲಿಲ್ಲ.

ಹತ್ತಿಯ ಬೆಲೆ ಯಾವ ಊರಿನ ಕೈಯಲ್ಲೂ ಇರಲಿಲ್ಲ. ನ್ಯೂಯಾರ್ಕ್, ಲಿವರ್‌ಪೂಲ್ ಪೇಟೆಗಳಲ್ಲಿ ಏರಿಳಿಯುವ ದರಕ್ಕೆ ಆರ್ಕಾನ್ಸಾವೂ ತಲೆಬಾಗಬೇಕು, ಧಾರವಾಡವೂ ತಲೆಬಾಗಬೇಕು. ಈ ನಂಟು ಹಳೆಯದು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೇರಿಕದ ದಕ್ಷಿಣದಿಂದ ತೋಟಗಾರರನ್ನು ಕರೆಸಿ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ನಮ್ಮ ಎರೆಭೂಮಿಗೆ ಬಿತ್ತಿಸಿತ್ತು. ಅದು ನೆಲೆಯೂರಿ ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನಿಂದ ಪೇಟೆಗೆ ಬರುತ್ತಿತ್ತು. ಅಮೇರಿಕದಲ್ಲಿ ಅಂತರ್ಯುದ್ಧ ನಡೆದ 1861-65ರಲ್ಲಿ ಧಾರವಾಡ ಸೀಮೆಯ ರೈತ ಕಂಡರಿಯದ ಬೆಲೆ ಕಂಡಿದ್ದ. ಯುದ್ಧ ಮುಗಿದೊಡನೆ ಆ ಬೆಲೆ ನೆಲ ಕಚ್ಚಿತು.

1929ರ ಆರ್ಥಿಕ ಕುಸಿತದ ನಂತರ ಮತ್ತೆ ಅಂಥದೇ ಕಾಲ ಬಂತು. ಅಮೇರಿಕದಲ್ಲಿ ಪೌಂಡಿಗೆ 16 ಸೆಂಟಿನ ಮೇಲಿದ್ದ ಹತ್ತಿ 1931ರಲ್ಲಿ 6 ಸೆಂಟಿಗಿಂತಲೂ ಕೆಳಗಿಳಿಯಿತು. ಗೋದಾಮುಗಳಲ್ಲಿ ಮಾರಾಟವಾಗದ ಅಂಡಿಗೆಗಳು ಒಟ್ಟಿಕೊಂಡವು. ಪಾಯಿನ್‌ಸೆಟ್ ಸೀಮೆಗೆ 1927ರ ಮಿಸಿಸಿಪ್ಪಿ ಪ್ರವಾಹ, 1930ರ ಬರ ಎರಡರ ಗಾಯವೂ ಆರಿರಲಿಲ್ಲ. ಪಾಲುಗಾರನ ಅರ್ಧವೆಂಬುದು ಆಗ ಸೊನ್ನೆಯ ಅರ್ಧ.

1933ರ ಮಾರ್ಚಿನಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದರು. ಮೇ 12ರಂದು ಅವರು ಸಹಿ ಹಾಕಿದ ಕೃಷಿ ಹೊಂದಾಣಿಕೆ ಕಾಯ್ದೆ ಅಮೇರಿಕದ ರೈತನಿಗೆ ಸರ್ಕಾರದ ಬೊಕ್ಕಸದಿಂದ ನೇರವಾಗಿ ಹಣ ಕೊಡುವ ಯುಗವನ್ನು ತೆರೆಯಿತು. ಬೆಳೆ ಹೆಚ್ಚಾದ್ದರಿಂದ ಬೆಲೆ ಬಿದ್ದಿದೆ, ಬೆಳೆ ತಗ್ಗಿಸಿದರೆ ಬೆಲೆ ಏರುತ್ತದೆ, ತಗ್ಗಿಸುವವನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡಲಿ ಎಂಬುದು ಅದರ ತಿರುಳು. 1909ರಿಂದ 1914ರವರೆಗಿನ ವರ್ಷಗಳಲ್ಲಿ ರೈತನ ಮಾಲಿಗೂ ಅವನು ಕೊಳ್ಳುವ ಸಾಮಾನಿಗೂ ಯಾವ ಸಮತೆ ಇತ್ತೋ ಅದನ್ನು ಮತ್ತೆ ತರುವುದು ಗುರಿ. ಹಣಕ್ಕೆ ಗಿರಣಿಗಳ ಮೇಲೆ ಸಂಸ್ಕರಣಾ ತೆರಿಗೆ ಹಾಕಿದರು. ಹತ್ತಿಗೆ ಪೌಂಡಿಗೆ 4.2 ಸೆಂಟು. ಕೃಷಿ ಕಾರ್ಯದರ್ಶಿ ಹೆನ್ರಿ ವ್ಯಾಲೆಸ್ ಅಯೋವಾ ರಾಜ್ಯದವರು, ಮೆಕ್ಕೆಜೋಳದ ತಳಿಗಳನ್ನು ಬಲ್ಲವರು, ರೈತಾಪಿಯ ಬಗ್ಗೆ ನಿಜವಾದ ಕಳಕಳಿಯುಳ್ಳವರು. ಅವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ.

ಕಾಯ್ದೆ ಬರುವ ಹೊತ್ತಿಗೆ ಹತ್ತಿ ಬಿತ್ತನೆಯಾಗಿ ಹೋಗಿತ್ತು. ಬಿತ್ತಿದ್ದನ್ನು ತಡೆಯುವಂತಿಲ್ಲ, ಕೆಡಿಸಬೇಕು. ಜೂನ್ ಕೊನೆಯಿಂದ ಕೌಂಟಿಯ ಕೃಷಿ ಅಧಿಕಾರಿಗಳು, ಅವರ ಜೊತೆಗೆ ಸಾವಿರಾರು ಸ್ವಯಂಸೇವಕರು, ಹೊಲ ಹೊಲಕ್ಕೆ ಹೋಗಿ ಕರಾರಿಗೆ ಸಹಿ ಮಾಡಿಸಿದರು. ಎಕರೆಯ ಇಳುವರಿ ನೋಡಿ 7ರಿಂದ 20 ಡಾಲರಿನವರೆಗೆ ನಗದು. ಇಲ್ಲವೇ ಕಡಿಮೆ ನಗದು, ಜೊತೆಗೆ ಸರ್ಕಾರದ ಗೋದಾಮಿನ ಹತ್ತಿಯನ್ನು 6 ಸೆಂಟಿಗೆ ಪಡೆಯುವ ಹಕ್ಕು. ಹತ್ತು ಲಕ್ಷಕ್ಕೂ ಹೆಚ್ಚು ಕರಾರುಗಳಾದವು. ಜುಲೈ ಕೊನೆಯಲ್ಲಿ ಮೊದಲ ಚೆಕ್ಕನ್ನು ಟೆಕ್ಸಾಸಿನ ನ್ಯೂಸೆಸ್ ಕೌಂಟಿಯ ವಿಲಿಯಮ್ ಮಾರಿಸ್ ಎಂಬ ರೈತನಿಗೆ ರೂಸ್‌ವೆಲ್ಟರೇ ಶ್ವೇತಭವನದಲ್ಲಿ ಕೊಟ್ಟರು: 47 ಎಕರೆ ಹತ್ತಿ ಉತ್ತು ಹಾಕಿದ್ದಕ್ಕೆ 517 ಡಾಲರು.

ಆ ಬೇಸಿಗೆಯಲ್ಲಿ ಒಂದು ಕೋಟಿ ಎಕರೆಗೂ ಮೀರಿದ ಹತ್ತಿ ನೇಗಿಲಿನಡಿ ಹೋಯಿತು. ಆ ಉಳುಮೆಯ ಬಗ್ಗೆ ದಕ್ಷಿಣದ ಹಳ್ಳಿಗಳಲ್ಲಿ ಉಳಿದುಬಂದ ಮಾತೊಂದಿದೆ. ಎಡೆ ಹೊಡೆಯುವಾಗ ಗಿಡ ತುಳಿಯದೆ ಸಾಲಿನ ಮಧ್ಯೆಯೇ ನಡೆಯುವಂತೆ ಹೇಸರಗತ್ತೆಗಳನ್ನು ಮರಿಯಿಂದಲೇ ಪಳಗಿಸಿದ್ದರು. ತಪ್ಪಿ ಕಾಲಿಟ್ಟರೆ ಏಟು. ಈಗ ಹೂಬಿಟ್ಟು ಕಾಯಿ ಕಟ್ಟುತ್ತಿದ್ದ ಗಿಡದ ಮೇಲೆಯೇ ನಡೆ ಎಂದರೆ ಅವು ನಡೆಯಲೊಲ್ಲವು. ಹಗ್ಗ ಜಗ್ಗಿದರೂ ಪಕ್ಕಕ್ಕೆ ಸರಿದು ಸಾಲಿನ ಎಡೆಗೇ ಬಂದು ನಿಲ್ಲುತ್ತಿದ್ದವು. ಹಸಿರು ಬೆಳೆಯನ್ನು ತನ್ನ ಕೈಯಾರೆ ಉತ್ತು ಹಾಕುವ ಸಂಕಟ ಯಾವ ದೇಶದ ರೈತನಿಗೂ ಒಂದೇ. ಅದೇ ವರ್ಷ ಸುಮಾರು 60 ಲಕ್ಷ ಹಂದಿಗಳನ್ನೂ ಸರ್ಕಾರ ಕೊಂಡು ಕೊಲ್ಲಿಸಿತು. ಹಸಿದ ದೇಶದಲ್ಲಿ ಇದನ್ನು ಮಾಡಬೇಕಾಗಿ ಬಂದದ್ದಕ್ಕೆ ವ್ಯಾಲೆಸ್ ತಾವೂ ನೊಂದುಕೊಂಡರು. ಹತ್ತಿಯ ದರವೇನೋ ಚೇತರಿಸಿಕೊಂಡಿತು. ಅಕ್ಟೋಬರಿನಲ್ಲಿ ಸರ್ಕಾರ ಪೌಂಡಿಗೆ 10 ಸೆಂಟಿನಂತೆ ಹತ್ತಿಯ ಮೇಲೆ ಸಾಲ ಕೊಡಲು ಮುಂದಾಯಿತು. ಆ ದರ ಪೇಟೆಗೆ ಆಸರೆಯಾಗಿ ನಿಂತಿತು.

ಕಥೆಯ ನಿಜವಾದ ಗಂಟು ಇರುವುದು 1934-35ರ ಕರಾರಿನಲ್ಲಿ. ಈ ಸಲ ಉತ್ತು ಹಾಕುವುದಿಲ್ಲ, ಬಿತ್ತುವ ಮೊದಲೇ ಹೊಲದ ಸುಮಾರು ಶೇ. 40 ಭಾಗವನ್ನು ಹತ್ತಿಯಿಂದ ಬಿಡಿಸಬೇಕು. ಹಾಗೆ ಬಿಟ್ಟ ನೆಲಕ್ಕೆ, ಅಲ್ಲಿ ಬೆಳೆಯಬಹುದಾಗಿದ್ದ ಹತ್ತಿಯ ಲೆಕ್ಕದಲ್ಲಿ ಪೌಂಡಿಗೆ ಮೂರೂವರೆ ಸೆಂಟು ‘ಬಾಡಿಗೆ’. ಇದು ಪೂರ್ತಿ ಜಮೀನುದಾರನಿಗೆ. ಅದರ ಮೇಲೆ ಪೌಂಡಿಗೆ ಒಂದು ಸೆಂಟು ‘ಸಮತೆಯ ಹಣ’. ಇದರಲ್ಲಿ ಮಾತ್ರ ಪಾಲುಗಾರನಿಗೆ ಅರ್ಧ.

ಒಂದು ಕುಟುಂಬದ ಹೊಲವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕೋಣ. 20 ಎಕರೆ ಹತ್ತಿ, ಎಕರೆಗೆ 200 ಪೌಂಡು ಇಳುವರಿ ಎಂದಿಟ್ಟುಕೊಳ್ಳಿ. 8 ಎಕರೆ ಬಿಟ್ಟರೆ 1,600 ಪೌಂಡು ಹತ್ತಿ ಹೋಯಿತು. ಬಾಡಿಗೆ 56 ಡಾಲರು ಧಣಿಗೆ. ಸಮತೆಯ ಹಣ 16 ಡಾಲರು. ಧಣಿಗೆ 8, ಪಾಲುಗಾರನಿಗೆ 8. ಒಟ್ಟು ಧಣಿಗೆ 64, ಪಾಲುಗಾರನಿಗೆ 8. ಆ ನೆಲವನ್ನು ಬಿತ್ತಿ ಪೌಂಡಿಗೆ 10 ಸೆಂಟಿನಂತೆ ಮಾರಿದ್ದರೆ ಇಬ್ಬರಿಗೂ ತಲಾ 80 ಬರುತ್ತಿತ್ತು. ಉಳಿದ 12 ಎಕರೆಯ ಹತ್ತಿಗೆ ಒಳ್ಳೆಯ ದರ ಸಿಕ್ಕಿತೆಂಬುದು ನಿಜ, ಅದು ಇಬ್ಬರಿಗೂ ಸಿಕ್ಕಿತು. ಆದರೆ ಬಿಟ್ಟ ನೆಲದ ನಷ್ಟ ತುಂಬಿಕೊಂಡವನು ಒಬ್ಬನೇ. ಪಾಲುಗಾರನ 8 ಡಾಲರು ಕೂಡ ಧಣಿಯ ಕೈ ದಾಟಿಯೇ ಬರಬೇಕಿತ್ತು. ದಾಟುವಾಗ ಅಂಗಡಿಯ ಬಾಕಿಗೆ ಮುರಿದುಕೊಂಡರೆ ಕೇಳುವವರಿಲ್ಲ.

ಇದು ಕಣ್ತಪ್ಪಿನಿಂದ ಆದದ್ದಲ್ಲ. ಹತ್ತಿಯ ಕರಾರು ರೂಪಿಸುವಾಗ ಸರ್ಕಾರ ಯಾರನ್ನು ಕೇಳಿತೋ ಅವರೆಲ್ಲ ದೊಡ್ಡ ಜಮೀನುದಾರರೇ. ಕಾಯ್ದೆಯನ್ನು ಜಾರಿಮಾಡುತ್ತಿದ್ದ ಇಲಾಖೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಆಸ್ಕರ್ ಜಾನ್‌ಸ್ಟನ್, ಮಿಸಿಸಿಪ್ಪಿಯಲ್ಲಿ ಬ್ರಿಟಿಷ್ ನೂಲಿನ ಗಿರಣಿಗಳ ಒಡೆತನದಲ್ಲಿದ್ದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಬೃಹತ್ ಪ್ಲಾಂಟೇಷನ್ನಿನ ಅಧ್ಯಕ್ಷರು. ಸೆನೆಟ್ಟಿನ ಕೃಷಿ ಸಮಿತಿಯ ಮುಖ್ಯಸ್ಥ ದಕ್ಷಿಣ ಕೆರೊಲಿನಾದ ಎಲಿಸನ್ ಸ್ಮಿತ್, ಜನರ ಬಾಯಲ್ಲಿ ‘ಕಾಟನ್ ಎಡ್’. ಪಾಲುಗಾರರ ಹೆಸರಿಗೆ ಚೆಕ್ಕು ಬರೆಯುವ ಯೋಚನೆಯನ್ನು ಎದುರಿಸಿ ನಿಂತವರು. ದಕ್ಷಿಣದ ಮತವಿಲ್ಲದೆ ರೂಸ್‌ವೆಲ್ಟರ ಯಾವ ಮಸೂದೆಯೂ ಪಾಸಾಗುತ್ತಿರಲಿಲ್ಲ. ಕೆಳಗೆ, ಕೌಂಟಿಯ ಮಟ್ಟದಲ್ಲಿ, ಎಕರೆ ಅಳೆಯುವುದು, ಇಳುವರಿ ಗೊತ್ತುಮಾಡುವುದು, ದೂರು ವಿಚಾರಿಸುವುದು ಎಲ್ಲವೂ ಸ್ಥಳೀಯ ಸಮಿತಿಯ ಕೆಲಸ. ಸಮಿತಿಯಲ್ಲಿ ಕೂತವರು ಅದೇ ಜಮೀನುದಾರರು, ಇಲ್ಲವೇ ಅವರ ನೆಂಟರು. ಧಣಿಯ ಮೇಲಿನ ದೂರನ್ನು ಧಣಿಯ ಗೆಳೆಯನ ಮುಂದೆಯೇ ಹೇಳಬೇಕು.

ಕರಾರಿನ 7ನೆಯ ಕಲಮಿನಲ್ಲಿ ಪಾಲುಗಾರರ ರಕ್ಷಣೆಗೆಂದು ಕೆಲವು ಸಾಲುಗಳಿದ್ದವು. ಸಾಧ್ಯವಾದಷ್ಟು ಮಟ್ಟಿಗೆ ಎಂದಿನಷ್ಟೇ ಒಕ್ಕಲನ್ನು ಉಳಿಸಿಕೊಳ್ಳತಕ್ಕದ್ದು. ಮನೆಯಲ್ಲಿ ಬಾಡಿಗೆಯಿಲ್ಲದೆ ಇರಗೊಡತಕ್ಕದ್ದು. ಉಪದ್ರವಕಾರಿಯಾಗಿ ನಡೆದುಕೊಂಡವನನ್ನು ಬಿಟ್ಟು. ಈ ಬಿಗಿಯಿಲ್ಲದ ಮಾತುಗಳೊಳಗೆ ಒಂದು ಇಡೀ ಜನಸಮೂಹದ ಹಣೆಬರಹ ಜಾರಿಹೋಯಿತು. ಶೇ. 40 ನೆಲ ಬಿಟ್ಟ ಮೇಲೆ ಅಷ್ಟು ಮಂದಿ ಒಕ್ಕಲು ಧಣಿಗೆ ಬೇಕಿರಲಿಲ್ಲ. ಒಕ್ಕಲು ಹೋದರೆ ಅವನ ಪಾಲಿನ ಅರ್ಧ ಸೆಂಟೂ ಉಳಿಯಿತು.

ಟೈರೋನ್ಜಾ ಹತ್ತಿರದ ಫೇರ್‌ವ್ಯೂ ಪ್ಲಾಂಟೇಷನ್ನು ಸೇಂಟ್ ಲೂಯಿಸ್ ನಗರದ ವಕೀಲ ಹಿರಮ್ ನಾರ್‌ಕ್ರಾಸ್ ಅವರದು. 1934ರ ಆರಂಭದಲ್ಲಿ ಅಲ್ಲಿಂದ ಹಲವು ಕುಟುಂಬಗಳನ್ನು ಹೊರಹಾಕಿದರು. ಊರಿನಲ್ಲಿ ಆಗ ಹ್ಯಾರಿ ಲೇಲ್ಯಾಂಡ್ ಮಿಚೆಲ್ ಎಂಬ ಯುವಕ ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿ ಇಟ್ಟಿದ್ದರು. ಪಕ್ಕದಲ್ಲೇ ಕ್ಲೇ ಈಸ್ಟ್ ಅವರ ಪೆಟ್ರೋಲ್ ಬಂಕು. ಇಬ್ಬರೂ ಬಿಳಿಯರು, ಸಮಾಜವಾದಿಗಳು. ಆ ಫೆಬ್ರವರಿಯಲ್ಲಿ ಸಮಾಜವಾದಿ ನಾಯಕ ನಾರ್ಮನ್ ಥಾಮಸ್ ಊರಿಗೆ ಬಂದು, ಹಲಗೆ ಮನೆಗಳ ಸ್ಥಿತಿ ಕಣ್ಣಾರೆ ಕಂಡು, ಸಂಘ ಕಟ್ಟಿ ಎಂದು ಹೇಳಿಹೋದರು.

ಜುಲೈನಲ್ಲಿ ಒಂದು ರಾತ್ರಿ ಫೇರ್‌ವ್ಯೂ ನೆಲದಲ್ಲಿದ್ದ ಸನ್ನಿಸೈಡ್ ಶಾಲೆಯ ಕೋಣೆಯಲ್ಲಿ 11 ಮಂದಿ ಬಿಳಿಯರು, 7 ಮಂದಿ ಕಪ್ಪು ಜನ ಸೇರಿದರು. ಮೊದಲು ಎದ್ದ ಪ್ರಶ್ನೆ, ಸಂಘ ಒಂದಿರಬೇಕೋ ಎರಡಿರಬೇಕೋ ಎಂಬುದು. ಎಲೇನ್‌ನ ಕಾಲದ ಸಂಘದಲ್ಲಿದ್ದು ಬದುಕಿ ಉಳಿದಿದ್ದ ಹಿರಿಯ ಕಪ್ಪು ರೈತರೊಬ್ಬರು ಅಂದು ಎದ್ದು ನಿಂತು, ನಾವು ಬೇರೆಯಾಗಿದ್ದದ್ದೇ ಅವರಿಗೆ ನಮ್ಮನ್ನು ಮುರಿಯಲು ದಾರಿಯಾಯಿತು, ಈ ಸಲ ಒಟ್ಟಿಗಿರೋಣ ಎಂಬರ್ಥದ ಮಾತಾಡಿದರು. ದಕ್ಷಿಣ ಒಕ್ಕಲು ರೈತರ ಸಂಘ ಹುಟ್ಟಿದ್ದು ಹಾಗೆ. ಬಿಳಿಯರೂ ಕಪ್ಪು ಜನರೂ ಒಂದೇ ಬೆಂಚಿನಲ್ಲಿ ಕೂರುವುದೇ ಅಪರಾಧವೆನಿಸಿದ್ದ ನಾಡಿನಲ್ಲಿ ಆ ರಾತ್ರಿಯ ತೀರ್ಮಾನಕ್ಕೆ ಬೇಕಾಗಿದ್ದ ಎದೆಗಾರಿಕೆ ಸಾಮಾನ್ಯವಾದುದಲ್ಲ. ಆ ಶತಮಾನದ ಅಮೇರಿಕದ ದೊಡ್ಡ ಘಟನೆಗಳ ಸಾಲಿನಲ್ಲಿ ಆ ಶಾಲೆಯ ಕೋಣೆಗೂ ಜಾಗ ಕೊಡಬೇಕೆಂಬುದು ನನ್ನ ಗಟ್ಟಿ ನಂಬಿಕೆ.

ಸಂಘ ಮೊದಲು ಹಿಡಿದದ್ದು ಕಾನೂನಿನ ದಾರಿಯನ್ನೇ. 7ನೆಯ ಕಲಮಿನ ಆಧಾರದ ಮೇಲೆ ನಾರ್‌ಕ್ರಾಸ್ ವಿರುದ್ಧ ದಾವೆ ಹೂಡಿತು. ಮಾರ್ಕ್ಡ್ ಟ್ರೀ ಊರಿನ ವಕೀಲ ಸಿ. ಟಿ. ಕಾರ್ಪೆಂಟರ್ ವಾದಿಸಿದರು. ಆರ್ಕಾನ್ಸಾದ ನ್ಯಾಯಾಲಯಗಳು ಪಾಲುಗಾರರ ಮೊರೆಯನ್ನು ತಳ್ಳಿಹಾಕಿದವು. ಮುಂದೆ ಕಾರ್ಪೆಂಟರ್ ಮನೆಯ ಮೇಲೂ, ಸಂಘದ ಉಪಾಧ್ಯಕ್ಷ, ಕಪ್ಪು ಜನಾಂಗದ ಪಾದ್ರಿ ಇ. ಬಿ. ಮೆಕಿನ್ನಿ ಅವರ ಮನೆಯ ಮೇಲೂ ರಾತ್ರಿ ಹೊತ್ತು ಗುಂಡು ಹಾರಿದವು. 1935ರ ಜನವರಿಯಲ್ಲಿ ಮಾರ್ಕ್ಡ್ ಟ್ರೀ ಸಭೆಯಲ್ಲಿ ಮಾತಾಡಿದ್ದಕ್ಕೆ ವಾರ್ಡ್ ರಾಜರ್ಸ್ ಎಂಬ ತರುಣ ಪಾದ್ರಿಯನ್ನು ಅರಾಜಕತೆಯ ಆರೋಪ ಹೊರಿಸಿ ಹಿಡಿದರು. ಮಾರ್ಚಿನಲ್ಲಿ ಪಕ್ಕದ ಕೌಂಟಿಯ ಬರ್ಡ್‌ಸಾಂಗ್‌ನಲ್ಲಿ ನಾರ್ಮನ್ ಥಾಮಸರನ್ನೇ ವೇದಿಕೆಯಿಂದ ಎಳೆದು ಓಡಿಸಿದರು.

ದೂರುಗಳು ವಾಷಿಂಗ್ಟನ್ ಮುಟ್ಟಿದ್ದವು. ಇಲಾಖೆಯಿಂದ ಮೇರಿ ಕಾನರ್ ಮೈಯರ್ಸ್ ಎಂಬ ವಕೀಲೆ ಆರ್ಕಾನ್ಸಾಕ್ಕೆ ಬಂದು ವಿಚಾರಣೆ ನಡೆಸಿದರು. ಅವರ ವರದಿಯನ್ನು ಸರ್ಕಾರ ಪ್ರಕಟಿಸಲೇ ಇಲ್ಲ. ಅಲ್ಲೇ ಇಲಾಖೆಯ ಕಾನೂನು ವಿಭಾಗದಲ್ಲಿ ಜೆರೋಮ್ ಫ್ರಾಂಕ್, ಆಲ್ಜರ್ ಹಿಸ್ ಮೊದಲಾದ ತರುಣ ವಕೀಲರು 7ನೆಯ ಕಲಮಿಗೆ ಹೊಸ ವ್ಯಾಖ್ಯೆ ಬರೆದರು: ಎಂದಿನಷ್ಟು ಒಕ್ಕಲು ಎಂದರೆ ತಲೆ ಎಣಿಸಿ ಸರಿಮಾಡುವುದಲ್ಲ, ಇದ್ದ ಅದೇ ಕುಟುಂಬಗಳನ್ನೇ ಉಳಿಸಿಕೊಳ್ಳಬೇಕು. ಇಲಾಖೆಯ ಮುಖ್ಯಸ್ಥ ಚೆಸ್ಟರ್ ಡೇವಿಸ್ ಪ್ರವಾಸದಲ್ಲಿದ್ದಾಗ ಈ ಆದೇಶ ಹೊರಟಿತು. ಡೇವಿಸ್ ಮರಳಿ ಬಂದವರೇ, ಇವರನ್ನು ತೆಗೆಯದೆ ನಾನು ಕೆಲಸ ಮಾಡಲಾರೆ ಎಂದು ವ್ಯಾಲೆಸ್ ಮುಂದೆ ಪಟ್ಟು ಹಿಡಿದರು. ವ್ಯಾಲೆಸ್ ಮಣಿದರು. 1935ರ ಫೆಬ್ರವರಿ 5ರಂದು ಫ್ರಾಂಕ್ ಮತ್ತು ಅವರ ಕೆಲವು ಜೊತೆಗಾರರ ಕೆಲಸ ಹೋಯಿತು, ಆದೇಶ ರದ್ದಾಯಿತು. ವ್ಯಾಲೆಸ್ ಒಳ್ಳೆಯವರೆಂದು ಮೇಲೆ ಬರೆದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಆ ದಿನ ಅವರು ತೂಗಿ ನೋಡಿದ್ದು ದಕ್ಷಿಣದ ಸೆನೆಟರುಗಳ ಬಲವನ್ನು. ಪಾಯಿನ್‌ಸೆಟ್ ಕೌಂಟಿಯ ರಸ್ತೆಬದಿಗೆ ಬಿದ್ದವರ ಪಾಡು ಆ ತಕ್ಕಡಿಗೆ ಬರಲಿಲ್ಲ.

ದೆಹಲಿಯಂತೆ ವಾಷಿಂಗ್ಟನ್ನೂ ದೂರ ಎಂದು ಅರಿತ ಸಂಘ ತನ್ನ ಕೈಯನ್ನೇ ನೆಚ್ಚಿತು. 1935ರ ಸುಗ್ಗಿಯಲ್ಲಿ ನೂರು ಪೌಂಡು ಹತ್ತಿ ಬಿಡಿಸಲು ಜಮೀನುದಾರರು ಕೊಡುತ್ತೇವೆಂದದ್ದು ಸುಮಾರು ಅರ್ಧ ಡಾಲರು. ಸಂಘ ಒಂದು ಡಾಲರು ಕೇಳಿತು. ಒಂದೇ ರಾತ್ರಿಯಲ್ಲಿ ಕರಪತ್ರಗಳು ಹೊಲ ಹೊಲಕ್ಕೂ ಬಿದ್ದವು, ಬೆಳಗಾಗುವ ಹೊತ್ತಿಗೆ ಹೊಲಗಳು ಖಾಲಿ. ಅರಳೆ ಒಡೆದು ನಿಂತಿದ್ದರಿಂದ ಧಣಿಗಳಿಗೆ ಕಾಯುವ ವ್ಯವಧಾನವಿರಲಿಲ್ಲ. ಬಹಳ ಕಡೆ 75 ಸೆಂಟಿಗೆ ಒಪ್ಪಿದರು. ಒಂದೆರಡು ವರ್ಷಗಳಲ್ಲಿ ಸಂಘದ ಸದಸ್ಯರು ಅದರದೇ ಲೆಕ್ಕದಂತೆ 25,000 ಮೀರಿದರು. ಸುದ್ದಿ ದೇಶವೆಲ್ಲ ಹಬ್ಬಿತು. ರೂಸ್‌ವೆಲ್ಟ್ ಒಕ್ಕಲುತನದ ಬಗ್ಗೆ ಸಮಿತಿ ನೇಮಿಸಿದರು. 1937ರಲ್ಲಿ ಬ್ಯಾಂಕ್‌ಹೆಡ್-ಜೋನ್ಸ್ ಕಾಯ್ದೆ ಬಂದು ಕೆಲವು ಒಕ್ಕಲುಗಳಿಗೆ ಭೂಮಿ ಕೊಳ್ಳಲು ಸಾಲ ಸಿಕ್ಕಿತು. ಕರ್ನಾಟಕದಲ್ಲಿ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದು ಉಳುವವನು ಅರ್ಜಿ ಹಾಕುವಂತಾಯಿತಲ್ಲ, ಅಂಥ ಹೆಜ್ಜೆಯನ್ನು ಅಮೇರಿಕ ಎಂದೂ ಇಡಲಿಲ್ಲ. ಒಡೆತನವನ್ನು ಮುಟ್ಟದೆ ಹಣ ಮಾತ್ರ ಹಂಚುವುದು ಅದರ ನೀತಿಯಾಗಿ ಉಳಿಯಿತು.

1936ರ ಜನವರಿ 6ರಂದು ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಸಂಸ್ಕರಣಾ ತೆರಿಗೆಯನ್ನೂ ಬೆಳೆ ತಗ್ಗಿಸುವ ಕರಾರನ್ನೂ ಅಸಿಂಧುವೆಂದಿತು. ಎರಡು ತಿಂಗಳೊಳಗೆ ಕಾಂಗ್ರೆಸ್ ಮಣ್ಣು ಸಂರಕ್ಷಣೆಯ ಹೆಸರಿನಲ್ಲಿ ಹೊಸ ಕಾಯ್ದೆ ತಂದು ಹಣದ ಹರಿವನ್ನು ಮುಂದುವರಿಸಿತು. ಆಮೇಲಿನ ನಿಯಮಗಳಲ್ಲಿ ಪಾಲುಗಾರನ ಭಾಗ ಹೆಚ್ಚಿತು, ಚೆಕ್ಕು ಅವನ ಹೆಸರಿಗೇ ಬರುವಂತಾಯಿತು. ಸಂಘ ಬೇಡಿದ್ದೂ ಅದನ್ನೇ. ಆದರೆ ಆ ಗೆಲುವು ಅವರ ಕೈಸೇರಲಿಲ್ಲ. ಪಾಲುಗಾರನಾಗಿದ್ದರೆ ತಾನೆ ಹಣದಲ್ಲಿ ಪಾಲು? ಧಣಿಗಳು ಪಾಲುಗಾರರನ್ನು ಬಿಡಿಸಿ, ಅದೇ ಜನರನ್ನು ದಿನಗೂಲಿಗೆ ಕರೆದರು. ಕೂಲಿಯವನಿಗೆ ಸರ್ಕಾರದ ಹಣದಲ್ಲಿ ಭಾಗವಿಲ್ಲ. ಬಂದ ಹಣದಲ್ಲಿ ಟ್ರ್ಯಾಕ್ಟರು ಕೊಂಡರು; ಟ್ರ್ಯಾಕ್ಟರು ಬಂದಲ್ಲಿ ಹೇಸರಗತ್ತೆ ಹೋಯಿತು, ಅದರ ಹಿಂದೆ ನಡೆಯುತ್ತಿದ್ದವನೂ ಹೋದ. 1939ರ ಜನವರಿಯ ಚಳಿಯಲ್ಲಿ ಉತ್ತರಕ್ಕಿರುವ ಮಿಸೌರಿಯ ಬೂಟ್‌ಹೀಲ್ ಸೀಮೆಯಲ್ಲಿ, ಓವನ್ ವಿಟ್‌ಫೀಲ್ಡ್ ಎಂಬ ಕಪ್ಪು ಜನಾಂಗದ ಪಾದ್ರಿಯ ಮುಂದಾಳತ್ವದಲ್ಲಿ, ಹೊರದೂಡಲ್ಪಟ್ಟ ನೂರಾರು ಕುಟುಂಬಗಳು ಹಾಸಿಗೆ, ಒಲೆ, ಕೋಳಿಗಳ ಸಮೇತ ಹೆದ್ದಾರಿಯ ಬದಿಗೆ ಬಂದು ಕೂತವು. ಪೊಲೀಸರು ಅವರನ್ನು ಎಬ್ಬಿಸಿ ರಸ್ತೆಯಿಂದ ಕಾಣದ ಜಾಗಗಳಿಗೆ ಸಾಗಿಸಿದರು.

ಈ ಕಾಯ್ದೆಗಳಿಂದ ಅಮೇರಿಕದ ಬೇಸಾಯ ಉಳಿಯಿತೆಂದು ಹೇಳುವವರಿದ್ದಾರೆ. ಹತ್ತಿಯ ದರ ನಿಂತದ್ದು, ಅಡಮಾನಕ್ಕೆ ಬಿದ್ದಿದ್ದ ಎಷ್ಟೋ ಸಣ್ಣ ಹಿಡುವಳಿದಾರರ ಹೊಲ ಹರಾಜಾಗದೆ ಉಳಿದದ್ದು ನಿಜವೇ. ಜಮೀನುಳ್ಳವರನ್ನು ಮಾತ್ರ ರೈತರೆಂದು ಎಣಿಸಿದರೆ ಅವರ ಮಾತು ಒಪ್ಪತಕ್ಕದ್ದು. ದಕ್ಷಿಣದಲ್ಲಿ 1930ರ ಕೃಷಿ ಗಣತಿ ಎಣಿಸಿದ ಪಾಲುಗಾರರು 7,76,000 ಮಂದಿ, 1940ರಲ್ಲಿ 5,41,000. ಎರಡನೆಯ ಮಹಾಯುದ್ಧದ ನಂತರ ಹತ್ತಿ ಬಿಡಿಸುವ ಯಂತ್ರ ಬಂದು ಉಳಿದವರನ್ನೂ ಬಿಡಿಸಿತು. ಅವರು ಶಿಕಾಗೊ, ಡೆಟ್ರಾಯಿಟ್, ಕ್ಯಾಲಿಫೋರ್ನಿಯದ ದಾರಿ ಹಿಡಿದರು. 1959ರ ನಂತರ ಅಮೇರಿಕದ ಕೃಷಿ ಗಣತಿ ಪಾಲುಗಾರರನ್ನು ಬೇರೆಯಾಗಿ ಎಣಿಸುವುದನ್ನು ನಿಲ್ಲಿಸಿತು. ಜಮೀನಿನ ಲೆಕ್ಕಕ್ಕೆ ಹಣ ಕೊಡುವ ಪದ್ಧತಿ ಇಂದಿಗೂ ನಡೆದಿದೆ.